ಬಂತೇನ್ರಿ, ಅಕ್ಕೋರ?

ನನಗೆ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಬಲ್ಲವರು ಯಾರೂ ಹೇಳದೆ ಬಿಡುವುದಿಲ್ಲ. ಈ ಬಾಯಿಯಿಂದಲೇ ನಾನು ಇಬ್ಬರು ಹುಡುಗಿಯರ ಶಾಲೆ ಬಿಡಿಸಿದೆ. ಇದೇ ಬಾಯಿಯಿಂದ ಆಮೇಲೆ ಎಷ್ಟೋ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿಕೊಂಡೆ. ಮೊದಲನೆಯದಕ್ಕೆ ಈಗಲೂ ನಾಚಿಕೆ ಇದೆ. ಎರಡನೆಯದಕ್ಕೆ ಹೆಮ್ಮೆ ಇದೆ, ಹೆಮ್ಮೆ ಅಂದರೆ ಎದೆ ಉಬ್ಬುವಷ್ಟು ಹೆಮ್ಮೆ. ವಯಸ್ಸಾದ ಮೇಲೆ ವಿನಯ ತಾನಾಗಿ ಬರುತ್ತದಂತೆ. ನನಗಿನ್ನೂ ಬಂದಿಲ್ಲ.

ಇದು ಮೂವತ್ತರ ದಶಕದ ಮಾತು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನನ್ನನ್ನು ಧಾರವಾಡದ ನಮ್ಮಣ್ಣ ಮಂದಿಯ ಮಾತಿಗೆ ಸೊಪ್ಪು ಹಾಕದೆ ಓದಿಸಿದ, ಟ್ರೇನಿಂಗ್ ಮಾಡಿಸಿದ. ನೌಕರಿ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ. ಅರ್ಧ ಓಣಿ ರೈಲ್ವೆ ಕಾರಖಾನೆಗೆ ಹೋಗುವವರದು, ಇನ್ನರ್ಧ ನೇಕಾರರದು. ಯಾರ ಮನೆಯಲ್ಲೂ ಗಡಿಯಾರವಿಲ್ಲ. ಕಾರಖಾನೆಯ ಭೋಂಗಾ ಕೂಗಿದಾಗ ಗಂಡಸರು ಕೆಲಸಕ್ಕೆ ಎದ್ದರೆ, ಅದರ ಹಿಂದೆಯೇ ಹುಡುಗಿಯರು ಪಾಟಿ ಬಳಪ ಹುಡುಕುತ್ತಿದ್ದರು. ಮುಂಜಾನೆ ಮೂರು ತಾಸು, ಮಧ್ಯಾಹ್ನ ಮೂರು ತಾಸು ಶಾಲೆ. ಅರ್ಧದಷ್ಟು ಹುಡುಗಿಯರ ಟೊಂಕದ ಮೇಲೆ ತಮ್ಮನೋ ತಂಗಿಯೋ ಇರುತ್ತಿತ್ತು. ಕೂಸು ಅತ್ತರೆ ಅಕ್ಕ ಹೊರಗೆ ಹೋಗಬೇಕು, ಅಷ್ಟರಲ್ಲಿ ಮಗ್ಗಿ ಮುಗಿದಿರುತ್ತಿತ್ತು.

ಹಾಜರಿ ಪುಸ್ತಕದ ಕೊನೆಯಲ್ಲಿ ಶಾಲೆ ಬಿಟ್ಟವರ ಹೆಸರು ಬರೆಯಲು ಒಂದು ಹಾಳೆ. ಹೆಸರಿನ ಮುಂದೆ ‘ಬಿಟ್ಟ ಕಾರಣ’ ಎಂಬ ಕಾಲಮ್ಮು. ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ಎಲ್ಲರೂ ದೊಡ್ಡ ಅಕ್ಕೋರು ಅನ್ನುತ್ತಿದ್ದರು. ಅವರ ಅಕ್ಷರ ದುಂಡಗೆ, ಮುತ್ತಿನ ಹಾಗೆ. ಆ ಕಾಲಮ್ಮಿನಲ್ಲಿ ಅವರು ಮೂರೇ ಮಾತು ಬರೆಯುತ್ತಿದ್ದರು: ಮನೆಗೆಲಸ, ಲಗ್ನ, ದಡ್ಡತನ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಸಾಹೇಬರು ಆ ಹಾಳೆ ನೋಡಿ, ತಲೆ ಆಡಿಸಿ, ಪುಸ್ತಕ ಮುಚ್ಚಿ ಚಹಾ ಕುಡಿದು ಹೋಗುತ್ತಿದ್ದರು. ನಾಲ್ಕನೆಯ ಇಯತ್ತೆ ದಾಟುವ ಹುಡುಗಿಯರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತವಳು ನಾನು ಆ ಶಾಲೆಗೆ ಸೇರುವತನಕ ಒಬ್ಬಳೂ ಇರಲಿಲ್ಲ.

ನನ್ನ ಮೊದಲ ವರ್ಷ. ಎರಡನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು, ಏನು ಚುರುಕು ಅಂತೀರಿ! ನಾನು ಕರಿ ಫಳಿಯ ಮೇಲೆ ಬರೆಯುವಷ್ಟರಲ್ಲಿ ಓದಿ ಮುಗಿಸಿರುತ್ತಿದ್ದಳು. ಅವಳ ತಾಯಿ ಒಂದು ದಿನ ನೀರಿನ ಕೊಡ ಹೊತ್ತುಕೊಂಡೇ ಶಾಲೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅಕ್ಕೋರ, ನಮ್ಮ ಹುಡುಗಿಗೆ ಓದಾಕ ಬಂತೇನ್ರಿ?"

ನನಗೆ ಖುಷಿಯೋ ಖುಷಿ. ನನ್ನ ಕಲಿಸುವಿಕೆಯ ಹೊಗಳಿಕೆ ನಾನೇ ಮಾಡಿಕೊಂಡ ಹಾಗೆ ಹೇಳಿದೆ: "ಬಂತೇನ ಅಂತ ಕೇಳ್ತೀರೇನು? ಎಲ್ಲಾ ಬಂತು! ಇಕಿಗೆ ಕಲಸೂದು ಏನೂ ಉಳದಿಲ್ಲ ನೋಡ್ರಿ."

ಮರುದಿನ ಆ ತಾಯಿ ಒಂದು ತಟ್ಟೆಯಲ್ಲಿ ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಇಟ್ಟುಕೊಂಡು ಬಂದಳು. ನನ್ನ ಕಾಲಿಗೆ ಬಿದ್ದಳು. "ಆರು ತಿಂಗಳದಾಗ ಕಲಿಸಿಬಿಟ್ರಿ ಅಕ್ಕೋರ, ನಿಮ್ಮ ಪುಣ್ಯ ದೊಡ್ಡದು" ಎಂದು ಕಣ್ಣು ಒರೆಸಿಕೊಂಡಳು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ. ಹುಡುಗಿ ಆ ದಿನದಿಂದ ಶಾಲೆಗೆ ಬರಲಿಲ್ಲ. ನಾಲ್ಕು ದಿನ ನೋಡಿ ಮನೆಗೆ ಹೋದರೆ ತಾಯಿಗೆ ಆಶ್ಚರ್ಯ. "ಬಂತು ಅಂದ್ರಲ್ರಿ! ಬಂದ ಮ್ಯಾಲ ಮತ್ತ ಯಾಕ ಬರೂದು?" ಅವಳ ಮಾತಿನಲ್ಲಿ ಕಪಟವಿರಲಿಲ್ಲ. ರೊಟ್ಟಿ ಬಡಿಯಲು ಬಂದ ಮೇಲೆ ಯಾರಾದರೂ ರೊಟ್ಟಿ ಬಡಿಯುವುದನ್ನು ಕಲಿಯುತ್ತ ಕೂರುತ್ತಾರೆಯೇ? ನಾನು ಎಷ್ಟು ಹೇಳಿದರೂ ಆಕೆ ನಕ್ಕಳು, ಅಕ್ಕೋರಿಗೆ ಹುಡುಗಿಯ ಮೇಲೆ ಮಾಯೆ ಜಾಸ್ತಿ ಅಂದುಕೊಂಡಳು. ದೊಡ್ಡ ಅಕ್ಕೋರು ಕಾಲಮ್ಮಿನಲ್ಲಿ ‘ಮನೆಗೆಲಸ’ ಎಂದು ಬರೆದರು.

ನಾನು ಶಾಣ್ಯಾಳು ನೋಡಿ, ಪಾಠ ಕಲಿತೆ. ಇನ್ನು ಯಾರು ಕೇಳಿದರೂ ‘ಬಂತು’ ಅನ್ನಬಾರದು ಎಂದು ಆಣೆ ಮಾಡಿಕೊಂಡೆ. ಮೂರು ತಿಂಗಳಿಗೆ ಒಬ್ಬ ನೇಕಾರ ಮಗಳ ಕೈ ಹಿಡಿದುಕೊಂಡು ಬಂದ. ಮೆತ್ತನೆಯ ಹುಡುಗಿ, ನಿಧಾನ, ಆದರೆ ಒಮ್ಮೆ ಕಲಿತದ್ದನ್ನು ಮರೆಯದವಳು. ಅದೇ ಪ್ರಶ್ನೆ ಕೇಳಿದ: "ಓದಾಕ ಬಂತೇನ್ರಿ ಇಕಿಗೆ?"

"ಎಲ್ಲಿ ಬಂತು? ಏನೂ ಬರೂದಿಲ್ಲ" ಎಂದೆ, ಜಾಣತನದಿಂದ.

ಆತ ಮಗಳ ಪಾಟಿ ಎತ್ತಿಕೊಂಡ. "ಖರೇ ಹೇಳಿದ್ರಿ, ಛಲೋ ಆತು. ಹಣ್ಯಾಗ ಇಲ್ಲದ್ದು ಎಲ್ಲಿಂದ ಬರ್ಬೇಕು?" ಎಂದು ಮಗಳನ್ನು ಕರೆದುಕೊಂಡು ಹೋದ. ಮರುದಿನದಿಂದ ಅವಳು ಮನೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತತೊಡಗಿದಳು. ಹೋಗುವಾಗ ಆ ಹುಡುಗಿ ತಿರುಗಿ ನನ್ನ ಮುಖ ನೋಡಿದ್ದಳು. ಹಿಂದಿನ ದಿನವಷ್ಟೇ ಅವಳ ಪಾಟಿಯ ಮೇಲೆ ನಾನು ‘ಶಾಬ್ಬಾಸ್’ ಎಂದು ಬರೆದಿದ್ದೆ. ಯಾವುದು ನಿಜ ಎಂದು ಕೇಳುವ ಹಾಗೆ ನೋಡಿದಳು. ಅಯ್ಯೋ, ಆ ನೋಟ! ನಾನು ಇಂದಿಗೂ ಆ ಹುಡುಗಿಯ ಕ್ಷಮೆ ಕೇಳುತ್ತೇನೆ. ದೊಡ್ಡ ಅಕ್ಕೋರು ಕಾಲಮ್ಮಿನಲ್ಲಿ ‘ದಡ್ಡತನ’ ಎಂದು ಬರೆಯುವಾಗ ನನಗೆ ಸಿಟ್ಟು ಬಂತು. "ಯಾರ ದಡ್ಡತನ ಅಂತ ಬರೀಬೇಕಲ್ರಿ, ನಂದು ಅಂತ ಬರೀರಿ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ ಹಾಳೆ ತಿರುವಿದರು.

ಬಂತು ಅಂದರೆ ಬಿಡಿಸುತ್ತಾರೆ. ಬರುವುದಿಲ್ಲ ಅಂದರೂ ಬಿಡಿಸುತ್ತಾರೆ. ಹಾಗಾದರೆ ಏನನ್ನಬೇಕು?

ಉತ್ತರ ಸಿಕ್ಕಿದ್ದು ಹುಬ್ಬಳ್ಳಿ ಸ್ಟೇಶನ್ನಿನಲ್ಲಿ. ಶನಿವಾರ ಮಧ್ಯಾಹ್ನ ನಾನು ಧಾರವಾಡಕ್ಕೆ ಅಣ್ಣನ ಮನೆಗೆ ಹೋಗುತ್ತಿದ್ದೆ. ಆ ದಿನ ಗಾಡಿ ತಡ. ಪ್ಲ್ಯಾಟ್‌ಫಾರ್ಮಿನ ತುಂಬ ಮಂದಿ, ಗಂಟು ಮೂಟೆ, ಕೂಸುಗಳು. ಒಬ್ಬ ಹಮಾಲ ಗೋಡೆಗೆ ಒರಗಿ ಕೂತಿದ್ದ. ಹತ್ತು ನಿಮಿಷಕ್ಕೊಬ್ಬರು ಅವನನ್ನು ಕೇಳುತ್ತಿದ್ದರು: "ಗಾಡಿ ಬಂತೇನಪಾ?" ಆತ ತಲೆ ಎತ್ತದೆ ಅನ್ನುತ್ತಿದ್ದ: "ಬರಾಕತ್ತೈತ್ರಿ." ಬರುತ್ತಾ ಇದೆಯಂತೆ! ಗಾಡಿ ಎಲ್ಲಿತ್ತೋ, ಅವನಿಗೇನು ಗೊತ್ತು? ಆದರೆ ಆ ಒಂದು ಮಾತಿಗೆ ಯಾರೂ ಗಂಟು ಎತ್ತಿ ಓಡಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಎರಡು ತಾಸು ಎಲ್ಲರೂ ಸಮಾಧಾನದಿಂದ ಕೂತರು. ನಾನು ನಡುವೆಯೇ ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಗಾಡಿ ಬಂತೆಂದು ತಾನೂ ಎದ್ದಳು, ಪಾಪ.

ಧಾರವಾಡದ ನಮ್ಮ ಮನೆಯಲ್ಲಿ ‘ಬರಲಿಕ್ಕತ್ತದ’ ಅನ್ನುವ ರೂಢಿ. ಹುಬ್ಬಳ್ಳಿಯ ಓಣಿಯಲ್ಲಿ ‘ಬರಾಕತ್ತೈತಿ’. ನಾನು ಓಣಿಯ ಮಾತನ್ನೇ ಎತ್ತಿಕೊಂಡೆ. ಆ ದಿನ ಸಂಜೆ ಅತ್ತಿಗೆ ಅನ್ನ ಆಯಿತೇ ಎಂದು ಕೇಳಿದಾಗ ಬಾಯಿತಪ್ಪಿ "ಆಗಾಕತ್ತೈತಿ" ಎಂದೆ. ಅಣ್ಣ ನಕ್ಕು ನಕ್ಕು ಸಾಕಾದ. "ನಮ್ಮ ಅಕ್ಕೋರು ಪೂರಾ ಹುಬ್ಬಳ್ಳ್ಯಾವರಾದ್ರಪಾ!" ಎಂದು ಕಾಡಿಸಿದ. ನಗಲಿ ಬಿಡಿ, ನನಗೆ ಬೇಕಾದದ್ದು ಸಿಕ್ಕಿತ್ತು.

ಸೋಮವಾರ ಮುಂಜಾನೆಯಿಂದಲೇ ಪ್ರಯೋಗ ಶುರು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಮನೆ. ಮನೆಯ ಯಜಮಾನ ಕಾರಖಾನೆಯಲ್ಲಿ ಫಿಟ್ಟರ್. ಅವನ ಮಗಳು ನನ್ನ ಎರಡನೆಯ ಇಯತ್ತೆಯಲ್ಲಿದ್ದಳು. ಕಡ್ಡಿಯಂಥ ಹುಡುಗಿ, ಎರಡು ಜಡೆ, ಕಣ್ಣು ಮಾತ್ರ ಬೆಂಕಿ. ಈ ಹುಡುಗಿಯನ್ನು ಮುಲ್ಕಿ ತನಕ ಒಯ್ಯದಿದ್ದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಹುಡುಗಿಯ ಅಜ್ಜಿ ಕೂತಿರುತ್ತಿದ್ದಳು. ಓಣಿಗೆಲ್ಲ ಆಕೆ ಆಯಿ. ಅಕ್ಷರ ಬಾರದವಳು, ನಾಲಿಗೆ ಮಾತ್ರ ಕತ್ತರಿ. ನಾನು ಹಾಯುವ ಹೊತ್ತಿಗೆ ಸರಿಯಾಗಿ ಮೊದಲ ಭೋಂಗಾ ಕೂಗುತ್ತಿತ್ತು, ಫಿಟ್ಟರ್ ಹೊಸ್ತಿಲ ಮೇಲೆ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದ. ಆಗಲೇ ಆಯಿ ಗಂಟಲೆತ್ತಿ ಕೇಳುತ್ತಿದ್ದಳು:

"ಅಕ್ಕೋರ! ನಮ್ಮ ಹುಡುಗಿಗೆ ಬಂತೇನ್ರಿ?"

"ಬರಾಕತ್ತೈತ್ರಿ, ಆಯಿ!"

ಫಿಟ್ಟರ್ ಲಾಡಿ ಕಟ್ಟಿ ಎದ್ದು ಹೋಗುತ್ತಿದ್ದ. ಹೀಗೆ ಎಂಟು ದಿನಕ್ಕೊಮ್ಮೆ. ಈ ಮುದುಕಿಗೆ ಬೇರೆ ಹೊತ್ತು ಸಿಗುವುದಿಲ್ಲವೇ, ಗಂಡಸು ಮನೆಯಲ್ಲಿದ್ದಾಗಲೇ ಕೇಳಬೇಕೇ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಮೂರನೆಯ ಇಯತ್ತೆಯಲ್ಲಿ ಕೆಲಸ ಕೆಟ್ಟಿತು. ಆಯಿಯ ಸಣ್ಣ ಮಗ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ಒಂದು ಭಾನುವಾರ ಅವನ ಕಾಗದ ಬಂತು. ಓದಿಸಲು ಅಂಗಡಿಯ ಗುಮಾಸ್ತನ ಬಳಿಗೆ ಹೊರಟಿದ್ದ ಅಪ್ಪನ ಕೈಯಿಂದ ಕಾಗದ ಕಸಿದುಕೊಂಡು ನಮ್ಮ ಹುಡುಗಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಓದಿ ಒಗೆದಳಂತೆ. ಅಪ್ಪ ಕಣ್ಣು ಬಿಟ್ಟುಕೊಂಡು ಕೇಳಿದನಂತೆ. ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಗುರುವಾರ ನಾನು ಭೋಂಗಾ ಕೂಗುವುದಕ್ಕಿಂತ ಮೊದಲೇ ಆ ಮನೆಯ ಮುಂದೆ ನಿಂತೆ. ಹುಡುಗಿ ಒಳಗೆ ಕಸ ಹೊಡೆಯುತ್ತಿದ್ದಳು. ನನ್ನನ್ನು ಕಂಡವಳೇ ಕಸಬರಿಗೆ ಹಿಡಿದು ನಿಂತುಬಿಟ್ಟಳು.

ಫಿಟ್ಟರ್ ಒಳ್ಳೆಯ ಮನುಷ್ಯ. ಎದ್ದು ನಮಸ್ಕಾರ ಮಾಡಿದ. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಾ ಉಸ್ತಾದನ ಕೈಯಾಗ ಕೆಲಸ ಕಲ್ತಾಂವ. ಕೆಲಸ ಬಂದ ದಿವ್ಸ ಕಲಿಯೂದ ಬಿಟ್ಟು ದುಡಿಯಾಕ ಹತ್ತಿದೆ. ಇಕಿಗೂ ಬಂತಲ್ರಿ, ನಾನಽ ಕಿವಿಯಾರೆ ಕೇಳೇನಿ. ಇನ್ನ ಅವರವ್ವನ ಕೂಡ ಮನ್ಯಾಗ ಇರ್ಲಿ."

ಏನು ಹೇಳಲಿ? ಬರುವುದಿಲ್ಲ ಅನ್ನುವ ಹಾಗಿಲ್ಲ, ಹುಡುಗಿ ಎದುರಿಗೇ ನಿಂತಿದ್ದಾಳೆ. ಇನ್ನೊಂದು ಮಗುವಿನ ಕಣ್ಣಿನಲ್ಲಿ ಆ ನೋಟ ನೋಡಲು ನನಗೆ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಕಟ್ಟೆಯ ಮೇಲಿನಿಂದ ಆಯಿ ಗೊಣಗಿದಳು: "ಕಾಗದ ಓದಿದ್ಲು, ಖರೇ. ಸೊಲ್ಲಾಪುರದಾಂವ ದಾರಿ ಕಾಯಾಕತ್ತಿರತಾನ. ಜವಾಬ ಯಾರು ಬರೀತಾರೋ ಏನೋ."

ನನಗೆ ಜೀವ ಬಂತು. "ಅದಽ ನೋಡ್ರಿ! ಓದಾಕ ಬಂತು. ಬರಿಯಾಕ ಇನ್ನೂ ಬರಾಕತ್ತೈತಿ. ಈಗ ಬಿಡಸಿದ್ರ ಅರ್ಧಕ್ಕ ನಿಂತ ಕೆಲಸ ಆಗ್ತೈತಿ. ನಿಮ್ಮ ಉಸ್ತಾದ ಅರ್ಧ ಕೆಲಸ ಬಂದಾಗ ನಿಮ್ಮನ್ನ ಬಿಟ್ಟಿದ್ನೇನ್ರಿ?"

ಫಿಟ್ಟರ್ ಯೋಚಿಸಿದ. ಬೂಟಿನ ಲಾಡಿ ಬಿಗಿದ. "ಅರ್ಧ ಕೆಲಸ ಆಗೂದಿಲ್ಲ" ಎಂದ. ಒಳಗೆ ಕಸಬರಿಗೆ ಕೆಳಗೆ ಬಿದ್ದ ಸದ್ದು ಕೇಳಿಸಿತು. ಆ ದಿನ ಹುಡುಗಿ ನನಗಿಂತ ಮುಂದೆ ಓಡಿ ಶಾಲೆಯಲ್ಲಿ ಕೂತಿದ್ದಳು. ನಾನು ಆಯಿಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಜಾಣತನಕ್ಕೆ ನಾನೇ ಮಾರುಹೋಗಿದ್ದೆ.

ಆಮೇಲೆ ನನಗೆ ಹಾದಿ ಸಿಕ್ಕಿತು. ಬರೆಯಲು ಬಂದಾಗ ಬಾಯಿಲೆಕ್ಕ ಬರಾಕತ್ತಿತ್ತು. ಬಾಯಿಲೆಕ್ಕ ಬಂದಾಗ ನಕಾಶೆ ಬರಾಕತ್ತಿತ್ತು, ಸೊಲ್ಲಾಪುರ ಎಲ್ಲಿದೆ ಎಂದು ತೋರಿಸಬೇಡವೇ? ಐದನೆಯ ಇಯತ್ತೆಯಿಂದ ಅವಳಿಗೆ ಬೇರೆ ಶಿಕ್ಷಕಿಯರು ಕಲಿಸಿದರು, ಆದರೆ ಆಯಿಯ ಪ್ರಶ್ನೆ ಮಾತ್ರ ನನಗೇ. ವ್ಯಾಕರಣ ಶುರುವಾದ ವರ್ಷ ನಾನು "ಸಂಧಿ ಬಂತ್ರಿ, ಸಮಾಸ ಬರಾಕತ್ತೈತಿ" ಎಂದಾಗ ಆಯಿ, "ಸಮಾಸ ಅಂದ್ರ ಯಾವ ಅಡಿಗಿರಿ, ಅಕ್ಕೋರ? ಹೊಟ್ಟಿ ತುಂಬತೈತೇನು?" ಎಂದು ಓಣಿಯನ್ನೆಲ್ಲ ನಗಿಸಿದಳು. ಫಿಟ್ಟರೂ ನಕ್ಕ. ನಗುತ್ತಲೇ ಕೆಲಸಕ್ಕೆ ಹೋದ. ಇತರ ಮನೆಗಳಲ್ಲೂ ನನ್ನ ಮದ್ದು ನಡೆಯುತ್ತಿತ್ತು. ಎಲ್ಲ ಕಡೆ ಅಲ್ಲ. ಲಗ್ನ ಗೊತ್ತಾದ ಮನೆಯಲ್ಲಿ ಯಾವ ಮಾತೂ ನಡೆಯುತ್ತಿರಲಿಲ್ಲ, ಕೂಸು ಹೊರುವವರಿಲ್ಲದ ಮನೆಯಲ್ಲೂ ಇಲ್ಲ. ಆದರೂ ನಾಲ್ಕನೆಯ ಇಯತ್ತೆಯಲ್ಲಿ ಹುಡುಗಿಯರು ಎರಡು ಸಾಲು ಕೂರತೊಡಗಿದರು. ತಪಾಸಣೆಗೆ ಬಂದ ಸಾಹೇಬರು ಇದು ಹೇಗಾಯಿತು ಎಂದು ಕೇಳಿದರು. ದೊಡ್ಡ ಅಕ್ಕೋರು ನನ್ನ ಕಡೆ ಕೈ ತೋರಿಸಿ, "ಇವರಿಗೆ ವ್ಯಾಕರಣ ಛಲೋ ಬರ್ತದರಿ" ಎಂದರು. ಸಾಹೇಬರಿಗೆ ಏನು ತಿಳಿಯಿತೋ, ತಲೆ ಆಡಿಸಿದರು.

ಹುಡುಗಿಗೆ ಹದಿನಾಲ್ಕು ತುಂಬಿದಾಗ ಮುಲ್ಕಿ ಪರೀಕ್ಷೆ. ಧಾರವಾಡಕ್ಕೆ ನಾನೇ ಕರೆದುಕೊಂಡು ಹೋದೆ. ಅಣ್ಣನ ಮನೆಯಲ್ಲಿ ಇಳಿದೆವು. ಗಾಡಿಯಲ್ಲಿ ಕೂತಾಗ ಅವಳು ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: "ಅಕ್ಕೋರ, ಪಾಸಾದ್ರ ಬಂತು ಅಂತ ಆಗ್ತೈತಿ. ಆಮ್ಯಾಲ?"

ಅವಳಿಗೆ ಟ್ರೇನಿಂಗಿಗೆ ಹೋಗಬೇಕೆಂಬ ಆಸೆ ಇತ್ತು, ನನ್ನ ಹಾಗೆ ಅಕ್ಕೋರು ಆಗಬೇಕೆಂಬ ಆಸೆ. ಇನ್ನೂ ಎರಡು ವರ್ಷ, ಅದೂ ಧಾರವಾಡದಲ್ಲಿದ್ದು. ಅಪ್ಪ ಆಗಲೇ ಗಂಡು ನೋಡುವ ಮಾತು ತೆಗೆದಿದ್ದ. ಐದು ವರ್ಷದಿಂದ ನಾನು ಹೇಳುತ್ತ ಬಂದ ಮಾತು ಆ ಪರೀಕ್ಷೆಯ ಜೊತೆಗೇ ಮುಗಿದುಹೋಗಲಿತ್ತು.

ಫಲಿತಾಂಶ ಒಂದು ಸಂಜೆ ಬಂತು. ನಮ್ಮ ಶಾಲೆಯಿಂದ ಕೂತವಳು ಒಬ್ಬಳೇ, ಪಾಸಾದವಳೂ ಅವಳೇ. ದೊಡ್ಡ ಅಕ್ಕೋರು ಆ ಕಾಗದವನ್ನು ಮೂರು ಸಲ ಓದಿದರು, ಕನ್ನಡಕ ತೆಗೆದು ಒರೆಸಿ ನಾಲ್ಕನೆಯ ಸಲ ಓದಿದರು. ನಾನಂತೂ ಹುಚ್ಚಿಯ ಹಾಗಾದೆ. ಮರುದಿನ ಮುಂಜಾನೆ ಆ ಮನೆಗೆ ನಡೆದು ಹೋಗಲಿಲ್ಲ, ಓಡಿದೆ. ವಿಧವೆ, ಶಾಲೆಯ ಅಕ್ಕೋರು, ಸೀರೆ ಎತ್ತಿ ಹಿಡಿದು ಓಣಿಯಲ್ಲಿ ಓಡುವುದನ್ನು ಮಂದಿ ಬಾಗಿಲಿಗೆ ಬಂದು ನೋಡಿದರು. ಭೋಂಗಾ ಕೂಗುತ್ತಿತ್ತು. ಫಿಟ್ಟರ್ ಹೊಸ್ತಿಲ ಮೇಲೆ ಕೂತು ಲಾಡಿ ಕಟ್ಟುತ್ತಿದ್ದ. ಹುಡುಗಿ ಅವನ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಯಿ ಕಟ್ಟೆಯ ಮೇಲಿನಿಂದ ಎಂದಿನಂತೆ ಗಂಟಲೆತ್ತಿದಳು:

"ಅಕ್ಕೋರ! ನಮ್ಮ ಹುಡುಗಿಗೆ ಬಂತೇನ್ರಿ?"

ಐದು ವರ್ಷ ಕಾಯ್ದ ಮಾತು ಆ ಸಂತೋಷದಲ್ಲಿ ಮರೆತೇಹೋಯಿತು. ನನ್ನ ಜೋರು ಬಾಯಿ ತಾನೇ ತೆರೆಯಿತು. "ಬಂ—"

ಆಯಿಗೆ ಕೆಮ್ಮು ಹತ್ತಿತು. ಎಂಥ ಕೆಮ್ಮು ಅದು! ಎದೆ ಹಿಡಿದುಕೊಂಡು, ಕಟ್ಟೆ ಬಡಿದು, ನನ್ನ ಮಾತನ್ನು ಪೂರಾ ನುಂಗಿಬಿಟ್ಟಳು. ಆಮೇಲೆ ಕಿವಿಗೆ ಕೈ ಹಚ್ಚಿ, "ಏನಂದ್ರಿ? ಬರಾಕತ್ತೈತಿ ಅಂದ್ರೇನು? ನನ್ನ ಕಿವಿ ಮಂದ ಆಗ್ಯಾವ್ರಿ, ತಮ್ಮಾ, ಅಕ್ಕೋರು ಏನಂದ್ರು?" ಎಂದಳು. ಕೇಳಿದ್ದು ಮಗನನ್ನು, ನೋಡಿದ್ದು ನನ್ನನ್ನು.

"ಹೌದ್ರಿ" ಎಂದೆ. ನನ್ನ ದನಿ ಸಣ್ಣದಾಗಿತ್ತು. "ಪರೀಕ್ಷಾ ಪಾಸಾತು. ಕಲಸೂದು ಬರಾಕತ್ತೈತಿ."

ಫಿಟ್ಟರ್ ತಲೆ ಎತ್ತಿದ. "ಯವ್ವಾ, ಇನ್ನೂ ಬರಾಕತ್ತೈತೆಂತ!"

"ಹೌದಪಾ. ಇನ್ನೆರಡು ವರ್ಷ ಧಾರವಾಡದಾಗ ಕಲೀಬೇಕಂತ. ಅರ್ಧ ಕೆಲಸ ಆಗೂದಿಲ್ಲ ಅಂತ ನೀನಽ ಅಂದಿದ್ದಿ."

ಆತ ಮಗಳ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಎರಡನೆಯ ಭೋಂಗಾ ಕೂಗಿತು. "ಲಗೂ ಕಲಿ" ಎಂದು ಅವಳ ತಲೆಯ ಮೇಲೆ ಕೈ ಇಟ್ಟು ಹೊರಟುಹೋದ. ಹುಡುಗಿ ಹೊಸ್ತಿಲ ಮೇಲೆ, ಅಪ್ಪ ಕೂತಿದ್ದ ಜಾಗದಲ್ಲೇ, ಕುಸಿದು ಕೂತು ಅತ್ತಳು.

ನಾನು ಕಟ್ಟೆಯ ಮೇಲೆ ಆಯಿಯ ಪಕ್ಕದಲ್ಲಿ ಕೂತೆ.

"ಆಯಿ, ನಿಮ್ಮ ಕಿವಿ ಯಾವಾಗ ಮಂದ ಆದ್ವು?"

"ಈಗ, ನೀವು ಬಂ ಅಂದಾಗ." ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಂವ ಬೂಟ ಕಟ್ಟೂ ಹೊತ್ತಿನ್ಯಾಗಽ ಯಾಕ ಕೇಳ್ತಿದ್ದೆ ಅಂತ ತಿಳದಿದ್ರಿ? ನಾ ಹೇಳಿದ್ರ ಮುದುಕಿ ವಟಗುಟ್ಟತಾಳ ಅಂತಾನ. ಸಾಲಿ ಅಕ್ಕೋರು ಅಂದ್ರ ಕೇಳ್ತಾನ. ಅದಕ್ಕಽ ನಿಮ್ಮ ಬಾಯಿಂದ ಅನಸ್ತಿದ್ದೆ."

ಐದು ವರ್ಷದಿಂದ ನಾನು ಈ ಮುದುಕಿಗೆ ಚಳ್ಳೆಹಣ್ಣು ತಿನ್ನಿಸುತ್ತಿದ್ದೇನೆ ಎಂದು ಬೀಗಿದ್ದೆ! ನಗಬೇಕೋ ಅಳಬೇಕೋ ತಿಳಿಯದೆ ಆಕೆಯ ಕೈ ಹಿಡಿದುಕೊಂಡೆ.

"ನನಗ ಓದಾಕ ಬರಂಗಿಲ್ಲ, ಅಕ್ಕೋರ" ಎಂದಳು ಆಯಿ. "ಕೇಳಾಕ ಬರತೈತಿ."

ಆ ಜೂನಿನಲ್ಲಿ ಹುಡುಗಿ ಧಾರವಾಡಕ್ಕೆ ಹೋದಳು. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ದೊಡ್ಡ ಅಕ್ಕೋರು ಅವಳ ಹೆಸರನ್ನು ತಮ್ಮ ದುಂಡು ಅಕ್ಷರದಲ್ಲಿ ಬರೆದು, ‘ಬಿಟ್ಟ ಕಾರಣ’ ಎಂಬ ಕಾಲಮ್ಮಿಗೆ ಬಂದಾಗ ಕೈ ನಿಲ್ಲಿಸಿದರು. ಅವರಿಗೆ ಗೊತ್ತಿದ್ದ ಮೂರು ಮಾತುಗಳಲ್ಲಿ ಒಂದೂ ಹೊಂದಲಿಲ್ಲ. ಟಾಕನ್ನು ನನ್ನ ಕೈಗೆ ಕೊಟ್ಟು, "ನೀವಽ ಬರೀರಿ" ಎಂದರು. ನಾನು ಮಸಿಯಲ್ಲಿ ಅದ್ದಿ, ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: ‘ಇನ್ನೂ ಕಲಿಯಲು’.